ಬಣ್ಣ ಬಳಿದರೆ ಸಾಲದು!

1948ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ದುಂಡು ಮೈಯ ಪುಟ್ಟ ಕಾರೊಂದು ಜನರ ಕಣ್ಮನ ಸೆಳೆಯಿತು. ಅಲೆಕ್ ಇಸಿಗೊನಿಸ್ ಎಂಬ ಕುಶಲಿಯ ಕಲ್ಪನೆಯ ಕೂಸಾದ ಆ ಕಾರೇ ಮಾರಿಸ್ ಮೈನರ್. ಬ್ರಿಟನ್ನಿನ ಕಾರುಗಳಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮೊದಲು ಮುಟ್ಟಿದ ಕೀರ್ತಿ ಇದರದು. 1970ರ ದಶಕದ ಆರಂಭದಲ್ಲಿ ತಯಾರಿಕೆ ನಿಂತಾಗ ಒಟ್ಟು ಸಂಖ್ಯೆ 16 ಲಕ್ಷವನ್ನು ದಾಟಿತ್ತು. 1950ರ ದಶಕದ ಭಾರತದಲ್ಲಿ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಿಂದ ಓಡಾಡಿದ್ದೂ ಇದೇ ಕಾರು.

ಇಂಗ್ಲೆಂಡಿನಲ್ಲಿ ಇಂದಿಗೂ ಎಷ್ಟೋ ಮೈನರ್‌ಗಳು ಜೀರ್ಣೋದ್ಧಾರ ಹೊಂದಿ ರಸ್ತೆಗೆ ಮರಳುತ್ತಿವೆ. ಆದರೆ ಜೀರ್ಣೋದ್ಧಾರವಾದ ಗುಡಿಗೆ ನಿತ್ಯಪೂಜೆ ತಪ್ಪದಿರುವಂತೆ, ಈ ಕಾರಿಗೂ ಆರೈಕೆ ತಪ್ಪುವಂತಿಲ್ಲ.

ಗ್ರೀಸಿನಲ್ಲಿ ಅಡಗಿದ ಪ್ರಾಣ

ಮೈನರ್‌ನ ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ದಂಡದ ಕೆಳತುದಿಯು, ನಟ್ಟಿನೊಳಗೆ ಬೋಲ್ಟು ಸೇರುವಂತೆ, ಟ್ರನಿಯನ್ ಎಂಬ ಕೀಲಿನೊಳಗೆ ತಿರುಪಿನ ಸುತ್ತುಗಳಿಂದ ಸೇರಿಕೊಂಡಿದೆ. ಚಾಲಕನು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಈ ಸುತ್ತುಗಳು ಒಂದರ ಮೇಲೊಂದು ಉಜ್ಜುತ್ತವೆ. ಗ್ರೀಸು ಒಣಗಿ ನೀರೂ ಮರಳೂ ಒಳಹೊಕ್ಕರೆ ಸುತ್ತುಗಳು ಸವೆಯುತ್ತವೆ. ಕೊನೆಗೊಂದು ದಿನ ದಂಡವು ಕೀಲಿನಿಂದ ಕಳಚಿ, ಚಕ್ರವು ಮಡಿಚಿ, ಕಾರು ನೆಲಕ್ಕೆ ಕುಸಿಯುತ್ತದೆ!

ಇದಕ್ಕೆ ಪರಿಹಾರ ಅತಿ ಸುಲಭ. ಜಾಕಿಯಿಂದ ಚಕ್ರವನ್ನು ಮೇಲೆತ್ತಿ ಕೀಲಿನ ಮೇಲಿನ ಭಾರವನ್ನು ತಪ್ಪಿಸಬೇಕು; ಹಳೆಯ ಕೊಳೆ ಹೊರಬರುವವರೆಗೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸನ್ನು ತುಂಬಬೇಕು. ಸಾವಿರ ಮೈಲಿಗೊಮ್ಮೆ, ಕಾರು ಓಡದಿದ್ದರೂ ಮೂರು ತಿಂಗಳಿಗೊಮ್ಮೆ ಹೀಗೆ ಮಾಡುವುದು ಅನುಭವಸ್ಥರ ಪದ್ಧತಿ. ಆಗಲೇ ಚಕ್ರವನ್ನು ಕೈಯಿಂದ ಅಲುಗಿಸಿ ನೋಡಿದರೆ ಸವೆತವೂ ತಿಳಿದುಬರುತ್ತದೆ.

ಕಿವಿಗೊಟ್ಟರೆ ತಿಳಿಯುವ ರೋಗ

ಕೀಲಿ ತಿರುಗಿಸಿದೊಡನೆ ಪೆಟ್ರೋಲ್ ಪಂಪು 'ಟಿಕ್ ಟಿಕ್' ಎಂದು ಸದ್ದು ಮಾಡಿ, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಸದ್ದೇ ಇಲ್ಲದಿದ್ದರೆ ಒಳಗಿನ ಪಾಯಿಂಟುಗಳು ಕರಿಹಿಡಿದಿರಬಹುದು. ಸದ್ದು ನಿಲ್ಲದಿದ್ದರೆ ಪೆಟ್ರೋಲು ಎಲ್ಲಿಯೋ ಸೋರುತ್ತಿರಬಹುದು, ಇಲ್ಲವೆ ಟ್ಯಾಂಕು ಬರಿದಾಗಿರಬಹುದು. ವೇಗ ಹೆಚ್ಚಿಸುವಾಗ ಇಂಜಿನ್ನು ತಡವರಿಸಿದರೆ ಕಾರ್ಬ್ಯುರೇಟರಿನ ಮೇಲಿನ ಮುಚ್ಚಳವನ್ನು ಬಿಚ್ಚಿ ನೋಡಬೇಕು. ಅಲ್ಲಿ ಎಣ್ಣೆ ಇಂಗಿಹೋಗಿರುವುದುಂಟು.

1953ರಲ್ಲಿ ಬಂದ 'ಟ್ರಾವೆಲರ್' ಮಾದರಿಯ ಮರದ ಚೌಕಟ್ಟು ಕೇವಲ ಅಲಂಕಾರವಲ್ಲ. ಕಾರಿನ ಹಿಂಭಾಗಕ್ಕೆ ಅದೇ ಆಧಾರ. ನೀರು ನಿಂತು ಮರ ಕೊಳೆತರೆ ಮೇಲೆ ವಾರ್ನಿಷ್ ಹಚ್ಚಿ ಫಲವಿಲ್ಲ, ಮರವನ್ನೇ ಬದಲಿಸಬೇಕು. ನೆಲದಡಿಯ ತುಕ್ಕಿಗೂ ಇದೇ ಮಾತು.

ಕಾಲ ಬದಲಾದಂತೆ ಇಂಧನವೂ ಬದಲಾಗಿದೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವುಗಳ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. 2000ದಲ್ಲಿ ಬ್ರಿಟನ್ನಿನಲ್ಲಿ ಅಂಥ ಪೆಟ್ರೋಲಿನ ಸಾರ್ವತ್ರಿಕ ಮಾರಾಟ ನಿಂತುದರಿಂದ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸುವ ವಾಡಿಕೆ ಬೆಳೆಯಿತು. 2021ರಲ್ಲಿ ಶೇಕಡಾ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಹಳೆಯ ರಬ್ಬರು ಕೊಳವೆಗಳನ್ನೂ ಬದಲಿಸಬೇಕಾಗಿದೆ.

2018ರ ಮೇ ತಿಂಗಳಿಂದ, 40 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರುಗಳಿಗೆ ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಪರೀಕ್ಷಕನ ಕಣ್ಣು ತಪ್ಪಿದ ಮೇಲೆ ಯಜಮಾನನ ಕಣ್ಣೇ ಕಾವಲು. ತನ್ನವರ ಪ್ರಾಣವೂ ದಾರಿಹೋಕರ ಪ್ರಾಣವೂ ಆ ಒಂದು ಹಿಡಿ ಗ್ರೀಸನ್ನು ನಂಬಿವೆ ಎಂಬುದನ್ನು ಆತನು ಮರೆಯಬಾರದು.