ಪಾತಾಳ ಸೇರಿದ ಹೂಳು ಮರಳಿ ಬರುತ್ತದೆ

ನಂಬಿಕೆ: ಸಾಗರತಳದ ಫಲಕ ಇನ್ನೊಂದು ಫಲಕದ ಅಡಿಗೆ ಜಾರಿಹೋದರೆ, ಅದರ ಮೇಲಿದ್ದದ್ದೆಲ್ಲ ಭೂಗರ್ಭದಲ್ಲಿ ಶಾಶ್ವತವಾಗಿ ಕಣ್ಮರೆಯಾಗುತ್ತದೆ.

ಇದು ಸುಳ್ಳೆಂದು ಸಾರುವ ಸಾಕ್ಷಿ ಬೆರಿಲಿಯಂ-10 ಎಂಬ ಐಸೊಟೋಪು. ಅದು ಹುಟ್ಟುವುದು ಆಕಾಶದಲ್ಲಿ. ಕಾಸ್ಮಿಕ್ ಕಿರಣಗಳು ಗಾಳಿಯ ಸಾರಜನಕ, ಆಮ್ಲಜನಕದ ಪರಮಾಣುಗಳನ್ನು ಒಡೆದಾಗ ಉಂಟಾಗಿ, ಮಳೆಯೊಂದಿಗೆ ಇಳಿದು ಕಡಲತಳದ ಹೂಳನ್ನು ಸೇರುತ್ತದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಬರ್ನಾರ್ಡ್ ಪೀಟರ್ಸ್ 1955ರಲ್ಲೇ ಇದರ ಬಗ್ಗೆ ಬರೆದಿದ್ದರು. ಇದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 14 ಲಕ್ಷ ವರ್ಷ. ಭೂಮಿಗಾದರೋ 450 ಕೋಟಿ ವರ್ಷ ದಾಟಿದೆ. ಆದ್ದರಿಂದ ಭೂಮಿ ಹುಟ್ಟಿದಾಗಿನ ಬೆರಿಲಿಯಂ-10 ಆಳದ ಶಿಲೆಯಲ್ಲಿ ಉಳಿದಿರಲು ಸಾಧ್ಯವೇ ಇಲ್ಲ.

ಆದರೂ 1982ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಜ್ವಾಲಾಮುಖಿ ದ್ವೀಪಮಾಲೆಗಳ ಲಾವಾದಲ್ಲಿ ಅದು ಇದೆಯೆಂದು ತೋರಿಸಿತು. ನಿಕರಾಗುವಾದ ಕೆಲವು ಲಾವಾಗಳಲ್ಲಿ ಗ್ರಾಮಿಗೆ ಒಂದು ಕೋಟಿಗೂ ಮಿಕ್ಕ ಪರಮಾಣುಗಳಿವೆ. ಫಲಕ ಮುಳುಗುವ ಜಾಗದಲ್ಲಿಲ್ಲದ ಹವಾಯಿಯ ಲಾವಾದಲ್ಲಿ ಹತ್ತು ಲಕ್ಷವೂ ಇಲ್ಲ. ನಿಕರಾಗುವಾದ ಅಡಿಗೆ ಕೋಕೋಸ್ ಫಲಕ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಇಳಿಯುತ್ತಿದೆ. ಓರೆಯಾಗಿ 200 ಕಿಲೋಮೀಟರ್ ಸಾಗಿ ಜ್ವಾಲಾಮುಖಿಗಳ ಅಡಿ ತಲುಪಲು 25 ಲಕ್ಷ ವರ್ಷ ಸಾಕು, ಅಂದರೆ ಎರಡು ಅರ್ಧಾಯುಷ್ಯವೂ ಪೂರ್ತಿ ಕಳೆದಿರುವುದಿಲ್ಲ.

ಲಾವಾ ತಣಿದ ಮೇಲೆ ಅದರ ಮೇಲೆ ಮಳೆ ಸುರಿದು ಈ ಐಸೊಟೋಪು ಸೇರಿರಬಹುದಲ್ಲವೇ? ನ್ಯಾಯವಾದ ಸಂದೇಹ. ಅದನ್ನು ಬಗೆಹರಿಸಿದ ರೀತಿ ನನಗೆ ಬಹಳ ಮೆಚ್ಚುಗೆ. ಲಾವಾದ ಖನಿಜಗಳನ್ನು ಒಂದೊಂದಾಗಿ ಬೇರ್ಪಡಿಸಿ, ಬೆರಿಲಿಯಂ-10 ಮತ್ತು ಸಾಮಾನ್ಯ ಬೆರಿಲಿಯಂ-9ರ ಅನುಪಾತ ಅಳೆದರು. ಎಲ್ಲದರಲ್ಲೂ ಅದು ಹೆಚ್ಚುಕಡಿಮೆ ಒಂದೇ. ಮಳೆಯ ನೀರು ಮೇಲಿಂದ ಇಂಗಿದ್ದರೆ ಹೀಗಿರುತ್ತಿರಲಿಲ್ಲ. ಖನಿಜಗಳು ಹರಳುಗಟ್ಟುವ ಮೊದಲೇ ಬೆರಿಲಿಯಂ-10 ಶಿಲಾಪಾಕದಲ್ಲಿತ್ತು.

ಇನ್ನೊಂದು ನಂಬಿಕೆ ಪಠ್ಯಪುಸ್ತಕಗಳ ಚಿತ್ರಗಳಿಂದ ಬಂದದ್ದು: ಇಳಿಯುವ ಫಲಕ ಉಜ್ಜಾಟದ ಬಿಸಿಗೆ ಕರಗಿ ಲಾವಾ ಆಗುತ್ತದೆ ಎಂದು. ಆ ಫಲಕ ಸುತ್ತಲಿನ ಶಿಲೆಗಿಂತ ತಂಪಾಗಿರುತ್ತದೆ. ಬಹುಪಾಲು ಕಡೆ ಅದು ಮಾಡುವುದು ನೀರು ಬಿಡುವ ಕೆಲಸ. ಆ ನೀರು ಮೇಲಿನ ಬಿಸಿ ಮ್ಯಾಂಟಲ್ ಶಿಲೆಗೆ ಸೇರಿ ಅದರ ಕರಗುವ ತಾಪವನ್ನು ತಗ್ಗಿಸುತ್ತದೆ. ಕರಗುವುದು ಮುಖ್ಯವಾಗಿ ಆ ಶಿಲೆ. ಇಲ್ಲಿ ಸಾಕ್ಷಿ ಬೋರಾನ್. ಅದರ ಎರಡು ಐಸೊಟೋಪುಗಳಲ್ಲಿ ಭಾರದ ಬೋರಾನ್-11 ನೀರಿನ ಜೊತೆ ಹೊರಡಲು ಹೆಚ್ಚು ಒಲಿಯುತ್ತದೆ, ಅದಕ್ಕೇ ಇಂಥ ಲಾವಾಗಳಲ್ಲಿ ಅದರ ಪಾಲು ಹೆಚ್ಚು. (ಎರಡೂ ಸ್ಥಿರ, ಐಸೊಟೋಪು ಎಂದರೆ ವಿಕಿರಣಶೀಲವೇ ಎಂಬುದೂ ತಪ್ಪು ತಿಳಿವಳಿಕೆ.)

ಫಲಕ ನಿಧಾನವೆಂದು ಎಲ್ಲವೂ ನಿಧಾನವಲ್ಲ. ಟೋಂಗಾದ ಲಾವಾಗಳಲ್ಲಿ ರೇಡಿಯಂ-226 ಮಿಗಿಲಾಗಿ ಸಿಕ್ಕಿದೆ. ಅದರ ಅರ್ಧಾಯುಷ್ಯ 1,600 ವರ್ಷ ಮಾತ್ರ. ಫಲಕ ಬಿಟ್ಟ ದ್ರವ ಕೆಲವೇ ಸಾವಿರ ವರ್ಷಗಳಲ್ಲಿ ಮೇಲೆ ಬಂದಿತೆಂಬುದು ಇದರ ಸೂಚನೆ.

ಹಾಗೆಂದು ಎಲ್ಲ ಕಡೆ ಒಂದೇ ಲೆಕ್ಕ ಹಾಕುವಂತಿಲ್ಲ. ಅದೇ ಕೋಕೋಸ್ ಫಲಕ ಕೋಸ್ಟರಿಕಾದ ಅಡಿಗೂ ಇಳಿಯುತ್ತದೆ, ಆದರೆ ಅಲ್ಲಿನ ಲಾವಾದಲ್ಲಿ ಬೆರಿಲಿಯಂ-10 ತೀರ ಕಡಿಮೆ. ಮೇಲ್ಪದರದ ಹೊಸ ಹೂಳು ಫಲಕ ಇಳಿಯತೊಡಗುವ ಕಡಲ ಕಂದಕದಲ್ಲೇ ಕೆರೆದುಹೋಗುತ್ತದೆಯೋ, ಹಳೆಯ ಶಿಲೆಯ ಚೂರುಗಳೊಡನೆ ಬೆರೆತು ತೆಳುವಾಗುತ್ತದೆಯೋ ಎಂಬ ವಾದ ಇನ್ನೂ ನಡೆದಿದೆ.