ಆಸ್ಪತ್ರೆ ಬಾಗಿಲಲ್ಲೇ ತಿರುಗಿ ಕಳಿಸಿದರೆ: ಹಸುಳೆಯ ಸಾವು, ಕೋರ್ಟಿನ ದಾರಿ ಮತ್ತು ಗಡಿನಾಡಿನ ನಾವು

2022ರ ನವೆಂಬರ್ ಮೊದಲ ವಾರ. ತುಮಕೂರಿನಲ್ಲಿ ನೆಲೆಸಿದ್ದ ತಮಿಳುನಾಡು ಮೂಲದ ಬಡ ಹೆಂಗಸೊಬ್ಬಳು ಹೆರಿಗೆ ನೋವೆಂದು ಜಿಲ್ಲಾಸ್ಪತ್ರೆಗೆ ಹೋದಳು. ಆಧಾರ್ ಎಲ್ಲಿ, ತಾಯಿ ಕಾರ್ಡ್ ಎಲ್ಲಿ ಎಂಬ ಪ್ರಶ್ನೆ ಬಂತು. ಎರಡೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಎಂದರು. ಬೆಂಗಳೂರಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ, ಮನೆಗೆ ಮರಳಿದಳು. ಮರುದಿನ ಆಕೆಯೂ, ಆಕೆ ಹೆತ್ತ ಅವಳಿ ಹಸುಳೆಗಳೂ ಉಳಿಯಲಿಲ್ಲ. ಡ್ಯೂಟಿಯಲ್ಲಿದ್ದ ವೈದ್ಯೆ ಮತ್ತು ನರ್ಸ್‌ಗಳನ್ನು ಸಸ್ಪೆಂಡ್ ಮಾಡಲಾಯಿತು. ತುರ್ತು ಚಿಕಿತ್ಸೆಗೆ ಯಾವ ದಾಖಲೆಯನ್ನೂ ಕೇಳಬಾರದೆಂದು ಅಂದಿನ ಆರೋಗ್ಯ ಸಚಿವರು ಹೇಳಿದರು.

ಇದಕ್ಕೆ ಎರಡು ವರ್ಷ ಮೊದಲು, 2020ರ ಸೆಪ್ಟೆಂಬರಿನಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯ ಬಸುರಿಯೊಬ್ಬಳು ಕೋವಿಡ್ ಪರೀಕ್ಷೆಯ ಸರ್ಟಿಫಿಕೇಟಿನ ತಕರಾರಿನಿಂದ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿಗೆ ತಲುಪಿದಳು, ಹೊಟ್ಟೆಯಲ್ಲಿದ್ದ ಅವಳಿ ಮಕ್ಕಳು ಉಳಿಯಲಿಲ್ಲ.

ಇಂಥ ಸುದ್ದಿ ಬಂದಾಗ ಎರಡು ದಿನ ಎಲ್ಲರೂ ಮಾತಾಡುತ್ತಾರೆ, ಸಸ್ಪೆಂಡ್ ಆಗುತ್ತದೆ, ಮುಗಿಯಿತು. ಆದರೆ ಮನೆಯವರು ಏನು ಮಾಡಬಹುದು? ಡಾಕ್ಟರು ತಪ್ಪು ಮಾಡಿದರು ಎನ್ನುವುದು ಒಂದು ದೂರು. ಬದುಕುವ ಹಕ್ಕನ್ನೇ ಆಸ್ಪತ್ರೆ ಕಸಿದುಕೊಂಡಿತು ಎನ್ನುವುದು ಬೇರೆಯೇ ದೂರು. ಈ ಎರಡನೆಯದರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಗೊತ್ತಿರುವವರು ಕಡಿಮೆ. ಹಾಗಾಗಿ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ದೆಹಲಿಯ ತೀರ್ಪು

ಈ ವಿಷಯದಲ್ಲಿ ಎಲ್ಲರೂ ಓದಬೇಕಾದದ್ದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರು 2010ರ ಜೂನ್ 4ರಂದು ಕೊಟ್ಟ ತೀರ್ಪು. ಎರಡು ಬಡ ಕುಟುಂಬಗಳ ಅರ್ಜಿಗಳನ್ನು ಒಟ್ಟಿಗೆ ಕೇಳಿ ಕೊಟ್ಟದ್ದು. ಮೊದಲನೆಯದು ಬಿಹಾರದಿಂದ ಕೂಲಿಗೆ ಬಂದ ಪರಿಶಿಷ್ಟ ಜಾತಿಯ ಕುಟುಂಬದ ಹೆಂಗಸಿನ ಕತೆ. 2008ರಲ್ಲಿ ಆಕೆಯ ಹೊಟ್ಟೆಯಲ್ಲೇ ಮಗು ಸತ್ತಿತ್ತು. ಬಡತನ ರೇಖೆಯ ಕೆಳಗಿನವಳೆಂದು ತೋರಿಸುವ ರೇಷನ್ ಕಾರ್ಡ್ ಕೈಯಲ್ಲಿಲ್ಲ ಎಂಬ ಕಾರಣಕ್ಕೆ ಉಚಿತ ಚಿಕಿತ್ಸೆ ಸಿಗಲಿಲ್ಲ. ಸತ್ತ ಮಗುವನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ಆಕೆ ಅಲೆಯಬೇಕಾಯಿತು. ಮನೆಯವರು ಹೈಕೋರ್ಟಿಗೆ ಓಡಿದ ಮೇಲೆಯೇ ಚಿಕಿತ್ಸೆಯಾದದ್ದು. ಆ ಅರ್ಜಿ ಕೋರ್ಟಿನಲ್ಲಿ ಇರುವಾಗಲೇ ಆಕೆ ಮತ್ತೆ ಬಸುರಿಯಾದಳು. 2010ರ ಜನವರಿಯಲ್ಲಿ ಮನೆಯಲ್ಲೇ ದಿನ ತುಂಬದ ಹೆಣ್ಣು ಮಗುವನ್ನು ಹೆತ್ತು ತೀರಿಕೊಂಡಳು. ಎರಡನೆಯ ಅರ್ಜಿ ಮೂರ್ಛೆರೋಗವಿದ್ದ ಒಬ್ಬ ಬಡ ತಾಯಿಯದು. ಮಾತೃತ್ವ ಕೇಂದ್ರದಲ್ಲಿ ನೆರವು ಸಿಗದೆ 2009ರಲ್ಲಿ ಆಕೆ ಹೆತ್ತದ್ದು ಬೀದಿಬದಿಯ ಮರದ ಕೆಳಗೆ.

ಯಾವ ಡಾಕ್ಟರು ಯಾವ ಇಂಜೆಕ್ಷನ್ ತಪ್ಪು ಕೊಟ್ಟರು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಸರಕಾರ ಬಡ ಬಾಣಂತಿಯರಿಗೆಂದು ಯೋಜನೆ ಮಾಡಿದೆ, ಹಣ ಇಟ್ಟಿದೆ. ಆದರೆ ಅದನ್ನು ಪಡೆಯಲು ನೂರು ಕಾಗದ ತರಬೇಕೆಂದರೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕು ಏನಾಯಿತು? ಕೋರ್ಟು ಕೇಳಿದ್ದು ಇದನ್ನು. ತಾನು ಬಡವಳೆಂದು ಸಾಬೀತು ಮಾಡುವ ಭಾರವನ್ನು ನೋವಿನಲ್ಲಿರುವ ಬಸುರಿಯ ತಲೆಯ ಮೇಲೆ ಹೊರಿಸುವುದು ಸರಿಯಲ್ಲ ಎಂದು ಹೇಳಿತು. ತೀರಿಕೊಂಡ ಹೆಂಗಸಿನ ಕುಟುಂಬಕ್ಕೆ 2,40,000 ರೂಪಾಯಿ, ಮರದಡಿ ಹೆತ್ತ ತಾಯಿಗೆ 50,000 ರೂಪಾಯಿ ಪರಿಹಾರ ಕೊಡಲು ಆದೇಶವಾಯಿತು. ಮೊತ್ತ ದೊಡ್ಡದಲ್ಲ, ನಿಜ. ಆದರೆ ಹಕ್ಕು ಮುರಿದದ್ದಕ್ಕೆ ಸರಕಾರವೇ ಹಣ ಕಟ್ಟಬೇಕು ಎಂದು ಬಾಣಂತಿಯರ ವಿಷಯದಲ್ಲಿ ಹೀಗೆ ಬಿಡಿಸಿ ಹೇಳಿದ್ದು ಅಪರೂಪ.

ಗಡಿನಾಡಿನವರು ಅಡಿಗೆರೆ ಎಳೆದು ಇಟ್ಟುಕೊಳ್ಳಬೇಕಾದ ಮಾತೊಂದು ಆ ತೀರ್ಪಿನಲ್ಲಿದೆ. ಒಂದು ರಾಜ್ಯದಲ್ಲಿ ಬಡತನ ರೇಖೆಯ ಕೆಳಗಿನವರೆಂದು ಗುರುತಿಸಿಕೊಂಡವರು ಇನ್ನೊಂದು ರಾಜ್ಯದ ಸರಕಾರಿ ಆಸ್ಪತ್ರೆಗೆ ಹೋದರೂ ಆ ಸೌಲಭ್ಯ ಅವರ ಜೊತೆಗೇ ಹೋಗಬೇಕು, ಅದಕ್ಕೆ ಕೇಂದ್ರ ಸರಕಾರ ವ್ಯವಸ್ಥೆ ಮಾಡಬೇಕು ಎಂದು ಕೋರ್ಟು ಸೂಚಿಸಿತು. ದೆಹಲಿ ಹೈಕೋರ್ಟಿನ ತೀರ್ಪು ಕೇರಳ, ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅಲ್ಲಿ ವಕೀಲರು ಅದನ್ನು ತೋರಿಸಿ ವಾದ ಮಾಡಬಹುದು.

ಹಣವಿಲ್ಲ, ಹಾಸಿಗೆಯಿಲ್ಲ ಎಂಬ ನೆಪ

ಇಡೀ ದೇಶಕ್ಕೆ ಅನ್ವಯಿಸುವ ಸುಪ್ರೀಂ ಕೋರ್ಟಿನ ತೀರ್ಪುಗಳೂ ಇವೆ. 1989ರಲ್ಲಿ ಸ್ಕೂಟರ್ ಅಪಘಾತದ ಗಾಯಾಳುವನ್ನು ಒಂದು ಆಸ್ಪತ್ರೆ ದೂರದ ಇನ್ನೊಂದಕ್ಕೆ ಕಳಿಸಿ, ಆತ ದಾರಿಯಲ್ಲೇ ಸತ್ತ ವಿಷಯ ಕೋರ್ಟಿಗೆ ಬಂತು. ಸರಕಾರಿಯೇ ಇರಲಿ, ಖಾಸಗಿಯೇ ಇರಲಿ, ಜೀವ ಉಳಿಸುವುದು ಪ್ರತಿ ವೈದ್ಯನ ಮೊದಲ ಕರ್ತವ್ಯ ಎಂದು ಅಂದೇ ತೀರ್ಮಾನವಾಯಿತು. ಇನ್ನೊಂದು 1996ರ ಮೇ 6ರದು. ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘದ ಸದಸ್ಯನೊಬ್ಬ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಯವರು ಹಾಸಿಗೆ ಖಾಲಿಯಿಲ್ಲ, ಯಂತ್ರ ಇಲ್ಲ ಎಂದು ಸಾಗಹಾಕಿದರು. ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಬದುಕಿದ. ಆತನಿಗೆ 25,000 ರೂಪಾಯಿ ಕೊಡಿ ಎಂದ ಸುಪ್ರೀಂ ಕೋರ್ಟು, ಜೀವ ಉಳಿಸುವ ವಿಷಯದಲ್ಲಿ ಹಣದ ಕೊರತೆಯ ನೆಪ ಸರಕಾರ ಹೇಳುವಂತಿಲ್ಲ ಎಂದಿತು.

ಪುಟ್ಟ ಮಗುವಿನ ವಿಷಯದಲ್ಲಿ ತಮಿಳುನಾಡಿನ ಪ್ರಕರಣವೊಂದಿದೆ, ತಾಳವಾಡಿ, ಹೊಸೂರು ಕಡೆಯವರಿಗೆ ಗೊತ್ತಿರಲಿ. 1996ರಲ್ಲಿ ಚೆನ್ನೈ ಎಗ್ಮೋರಿನ ಸರಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಕಣ್ಣಿನ ಪರೀಕ್ಷೆ ಮಾಡಲಿಲ್ಲ, ಮಾಡಿಸಬೇಕೆಂದು ತಂದೆತಾಯಿಗೆ ಹೇಳಲೂ ಇಲ್ಲ. ಮಗುವಿನ ದೃಷ್ಟಿಯೇ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ವೈದ್ಯರ ಅಲಕ್ಷ್ಯಕ್ಕೆ ರಾಜ್ಯ ಸರಕಾರವೂ ಜವಾಬ್ದಾರ ಎಂಬುದು ಅಲ್ಲಿ ಸ್ಪಷ್ಟವಾಯಿತು. ಹುಟ್ಟಿದಂದಿನಿಂದ ತೀರ್ಪಿನವರೆಗೆ 19 ವರ್ಷ ಹಿಡಿಯಿತು ಎನ್ನುವುದನ್ನೂ ಮರೆಯುವಂತಿಲ್ಲ.

ಅಮೆರಿಕದಲ್ಲಿ 1986ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾಯ್ದೆ ಬಂತು. ಹೆರಿಗೆ ನೋವಿನಲ್ಲಿರುವವಳನ್ನು ದುಡ್ಡಿಲ್ಲವೆಂದು ತುರ್ತು ವಿಭಾಗದಿಂದ ಹೊರಗೆ ಕಳಿಸಿದರೆ ಆಸ್ಪತ್ರೆಯ ಮೇಲೆ ನೇರ ದಾವೆ ಹೂಡಬಹುದು. ನಮ್ಮಲ್ಲಿ ಎಲ್ಲ ರಾಜ್ಯಗಳಿಗೂ ಒಂದೇ ತೆರನಾಗಿ ನಡೆಯುವ ಅಂಥ ಕಾಯ್ದೆಯಿಲ್ಲ. ಕರ್ನಾಟಕವು 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಹಟ ಹಿಡಿಯಬಾರದು, ಬಾಕಿ ಬಿಲ್ಲಿಗಾಗಿ ಶವವನ್ನು ತಡೆಹಿಡಿಯಬಾರದು ಎಂದು ಸೇರಿಸಿತು. ಕೇರಳದ್ದು 2018ರ ಬೇರೆ ಕಾಯ್ದೆ. ಅಂದರೆ ತಲಪಾಡಿ ದಾಟಿದರೆ ಕಾನೂನಿನ ಪುಸ್ತಕವೇ ಬದಲಾಗುತ್ತದೆ!

ಎಲ್ಲಿ ಕೇಳಬೇಕು?

ಸರಕಾರಿ ಆಸ್ಪತ್ರೆ ಬಾಗಿಲಲ್ಲೇ ತಿರುಗಿ ಕಳಿಸಿದ್ದರೆ ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್ ಅರ್ಜಿ. ಘಟನೆ ನಡೆದ ರಾಜ್ಯದ ಹೈಕೋರ್ಟಿಗೇ ಹೋಗುವುದು ಸುಲಭ. ಮಂಗಳೂರಿನ ಸರಕಾರಿ ಆಸ್ಪತ್ರೆಯ ವಿಷಯವಾದರೆ ಕರ್ನಾಟಕ ಹೈಕೋರ್ಟು, ಸೊಲ್ಲಾಪುರದ್ದಾದರೆ ಬಾಂಬೆ ಹೈಕೋರ್ಟು. ರಿಟ್ ಅರ್ಜಿಯಲ್ಲಿ ಕೋರ್ಟು ದಾಖಲೆ ಮತ್ತು ಪ್ರಮಾಣಪತ್ರ ನೋಡಿ ತೀರ್ಮಾನಿಸುತ್ತದೆ, ಸಾಮಾನ್ಯವಾಗಿ ಸಾಕ್ಷಿ ವಿಚಾರಣೆ ನಡೆಸುವುದಿಲ್ಲ. ಆದ್ದರಿಂದ ‘ಸೇರಿಸಿಕೊಳ್ಳಲಿಲ್ಲ’ ಎಂಬಂಥ ನೇರ ಸಂಗತಿಗೆ ಇದು ಒಳ್ಳೆಯ ದಾರಿ. ‘ಶಸ್ತ್ರಚಿಕಿತ್ಸೆ ತಡವಾಯಿತು, ಅದರಿಂದಲೇ ಮಗು ಸತ್ತಿತು’ ಎಂಬ ವಾದಕ್ಕೆ ತಜ್ಞರ ಸಾಕ್ಷ್ಯ ಬೇಕು, ಅಂಥದ್ದಕ್ಕೆ ಸಿವಿಲ್ ಕೋರ್ಟು ಅಥವಾ ಗ್ರಾಹಕರ ಆಯೋಗ.

ಗ್ರಾಹಕರ ಆಯೋಗದ ವಿಷಯ ನಮಗೆ ಬಹಳ ಮುಖ್ಯ. 1995ರಲ್ಲೇ ಸುಪ್ರೀಂ ಕೋರ್ಟು ಆಸ್ಪತ್ರೆಗಳನ್ನು ಗ್ರಾಹಕ ಕಾಯ್ದೆಯೊಳಗೆ ತಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಹೊರಗೆ. ಕೆಲವರಿಂದ ಹಣ ಪಡೆದು ಕೆಲವರನ್ನು ಉಚಿತವಾಗಿ ನೋಡುವ ಕಡೆ, ಉಚಿತ ರೋಗಿಯೂ ಗ್ರಾಹಕನೇ. 1998ರ ಇನ್ನೊಂದು ತೀರ್ಪಿನಲ್ಲಿ ತಪ್ಪು ಇಂಜೆಕ್ಷನ್ನಿನಿಂದ ಮೆದುಳಿಗೆ ಹಾನಿಯಾದ ಮಗುವಿಗೆ 12.5 ಲಕ್ಷ, ಅದರ ತಂದೆತಾಯಿಗೆ ಅವರ ಸಂಕಟಕ್ಕಾಗಿ ಬೇರೆಯೇ 5 ಲಕ್ಷ ಎತ್ತಿಹಿಡಿಯಲಾಯಿತು. ಮಗು ಮಾತ್ರವಲ್ಲ, ತಂದೆತಾಯಿಯೂ ಗ್ರಾಹಕರು ಎಂದರ್ಥ.

ಹಳೆಯ ಕಾಯ್ದೆಯಲ್ಲಿ ಆಸ್ಪತ್ರೆ ಇರುವ ಊರಿನಲ್ಲೇ, ಅಂದರೆ ಘಟನೆ ನಡೆದಲ್ಲೇ ದೂರು ಕೊಡಬೇಕಿತ್ತು. ಮಂಜೇಶ್ವರದವರು ಮಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ ಪ್ರತಿ ಹಿಯರಿಂಗಿಗೂ ಅಲೆಯಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆ ಇದನ್ನು ಬದಲಿಸಿತು. ದೂರುದಾರ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಮಂಜೇಶ್ವರದವರು ಕಾಸರಗೋಡಿನಲ್ಲೇ ಕುಳಿತು ಮಂಗಳೂರಿನ ಖಾಸಗಿ ಆಸ್ಪತ್ರೆಯನ್ನು ಕರೆಸಬಹುದು. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಹೊಸ ಕಾಯ್ದೆಯಲ್ಲಿ ವೈದ್ಯಸೇವೆ ಇಲ್ಲ ಎಂದು ಕೆಲವರು ವಾದಿಸಿದ್ದರು, 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ.

ಪೊಲೀಸ್ ಕೇಸಿನ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಘೋರ ಅಲಕ್ಷ್ಯವಿರಬೇಕು, ಅದಕ್ಕೂ ಮೊದಲು ಬೇರೊಬ್ಬ ವೈದ್ಯರ ನಿಷ್ಪಕ್ಷ ಅಭಿಪ್ರಾಯ ಪಡೆಯಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಕಟ್ಟಳೆ ಹಾಕಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ವೈದ್ಯರಿಗೆ ಗರಿಷ್ಠ ಎರಡು ವರ್ಷ ಶಿಕ್ಷೆ. ಆಸ್ಪತ್ರೆಯ ಗಾಜು ಒಡೆದವರ ಮೇಲೆಯೇ ಕೊನೆಗೆ ಕೇಸು ಉಳಿಯುವುದೂ ಉಂಟು.

ಮಣ್ಣಿನ ದಿಬ್ಬದ ನೆನಪು

ಗಡಿಯವರಿಗೆ ಆಸ್ಪತ್ರೆ ಬಾಗಿಲು ಮಾತ್ರವಲ್ಲ, ರಸ್ತೆಯೇ ಮುಚ್ಚಬಹುದು. 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಕಾಸರಗೋಡಿನ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಬದುಕುವ ಹಕ್ಕಿಗೆ ವಿರುದ್ಧ ಎಂದು ಹೇಳಿ, ದಾರಿ ತೆರೆಸುವಂತೆ ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಷರತ್ತುಗಳ ಬಗ್ಗೆ ಒಪ್ಪಂದವಾಯಿತು. ಅಷ್ಟು ದಿನ ಯಾರು ಹೊಣೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೋದದ್ದು ಬೇಸರದ ಸಂಗತಿ.

ಕಾಗದವೇ ಸಾಕ್ಷಿ

ದುಃಖದ ಹೊತ್ತಿನಲ್ಲಿ ಕಾಗದದ ಮಾತು ಕಠಿಣವೆನಿಸಬಹುದು. ಆದರೂ ಹೇಳಲೇಬೇಕು. ಚಿಕಿತ್ಸೆಯ ದಾಖಲೆಗಳನ್ನು ಬರೆದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಮೂರು ವರ್ಷ ಅವನ್ನು ಆಸ್ಪತ್ರೆ ಜೋಪಾನ ಮಾಡಬೇಕು. ಹಸುಳೆಯನ್ನು ಕೊಯ್ಯುವುದು ಬೇಡ ಎಂದು ಮನೆಯವರು ಮರಣೋತ್ತರ ಪರೀಕ್ಷೆ ಬಿಟ್ಟುಬಿಡುತ್ತಾರೆ. ಸಂಕಟ ಅರ್ಥವಾಗುತ್ತದೆ, ಆದರೆ ಸಾವಿನ ಕಾರಣವನ್ನು ಕೋರ್ಟಿಗೆ ತೋರಿಸಲು ಆಮೇಲೆ ಏನೂ ಉಳಿಯುವುದಿಲ್ಲ. ಒಳಗೆ ಸೇರಿಸಿಕೊಳ್ಳದೇ ಕಳಿಸಿದ್ದರೆ ಆಸ್ಪತ್ರೆಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಆಗ ಒಪಿ ಚೀಟಿ, 108 ಆಂಬುಲೆನ್ಸಿನ ದಾಖಲೆ, ಮೊಬೈಲಿನಲ್ಲಿರುವ ಕರೆಯ ಸಮಯ, ಆಟೋ ಚಾಲಕನ ಹೇಳಿಕೆ ಇವೇ ಆಧಾರ. ಸರಕಾರಿ ಆಸ್ಪತ್ರೆಯಾದರೆ ಆ ದಿನದ ಡ್ಯೂಟಿ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಖರ್ಚಿಗೆ ಹೆದರಬೇಕಿಲ್ಲ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಮಗುವನ್ನು ಕಳೆದುಕೊಂಡ ತಾಯಿ ತನ್ನ ಹೆಸರಲ್ಲೇ ಅರ್ಜಿ ಹಾಕಿದರೆ ಸಾಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಜಿಲ್ಲಾ ಕೋರ್ಟಿನ ಆವರಣದಲ್ಲೇ ಸಿಗುತ್ತದೆ, ಫೋನಿನಲ್ಲಿ ಕೇಳುವುದಾದರೆ 15100. ಇನ್ನು ಭಾಷೆ. ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವಾಗ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಜಿಲ್ಲಾ ವೈದ್ಯಾಧಿಕಾರಿಗೆ ಕೊಡುವ ಮೊದಲ ದೂರನ್ನು ಕನ್ನಡದಲ್ಲೇ ಬರೆದು, ತಾರೀಖು ಹಾಕಿ, ಸೀಲು ಹಾಕಿದ ಒಂದು ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಬನ್ನಿ.