ಹೊದಿಕೆಯ ಬೆಚ್ಚನೆ: ಕಂಬಳಿಯಿಂದ ಕ್ರೋಷಾದವರೆಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ಬಿಸಿಲಿಗೆ ಹೆಸರಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಪಾದರಸವು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದುಂಟು. ಆದರೆ ಅದೇ ನಾಡಿನಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಹಿಂಡಿನ ಬಳಿ ಮಲಗಿದ ಕುರಿಗಾರನಿಗೆ ಕಂಬಳಿ ಬೇಕು. ಅಂಗಳಕ್ಕೆ ಬರುವ ಕೂಸಿನ ತಲೆಗೆ ಕುಂಚಿಗೆ ಬೇಕು. ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಈ ಕುಂಚಿಗೆ ಅಲಂಕಾರಕ್ಕೂ ಉಂಟು, ರಕ್ಷಣೆಗೂ ಉಂಟು. ಕ್ರೋಷಾ ಕಡ್ಡಿಯಿಂದ ಹೆಣೆದ ಟೋಪಿ, ಶಾಲುಗಳೂ ಅದೇ ಎರಡು ಕೆಲಸಗಳನ್ನು ಮಾಡುತ್ತವೆ. ಇವು ಮೈಯನ್ನು ಬೆಚ್ಚಗಿಡುವುದು ಹೇಗೆ? ಯಾವುದು ಯಾವ ಚಳಿಗೆ ತಕ್ಕದ್ದು? ಪ್ರಶ್ನೆ ಸಣ್ಣದಾದರೂ ಅದರ ಉತ್ತರದಲ್ಲಿ ಭೌತಶಾಸ್ತ್ರವೂ ರೇಖಾಗಣಿತವೂ ಅಡಗಿವೆ. ಆ ಸೀಮೆಯ ಒಂದು ಕಸುಬಿನ ಅಳಿವು ಉಳಿವಿನ ಮಾತೂ ಅಡಗಿದೆ.

ಇರುಳಿನ ಚಳಿಗೆ ಕಾರಣ

ಹಗಲೆಲ್ಲ ಕಾದ ನೆಲವು ಇರುಳಿನಲ್ಲಿ ತನ್ನ ಶಾಖವನ್ನು ವಿಕಿರಣ ರೂಪದಲ್ಲಿ ಆಕಾಶದ ಕಡೆಗೆ ಹೊರಸೂಸುತ್ತದೆ. ಮೋಡಗಳೂ ಗಾಳಿಯಲ್ಲಿರುವ ನೀರಾವಿಯೂ ಆ ಶಾಖದ ಒಂದು ಭಾಗವನ್ನು ಹೀರಿಕೊಂಡು ಮತ್ತೆ ನೆಲಕ್ಕೆ ಹಿಂದಿರುಗಿಸುತ್ತವೆ. ಮಳೆಗಾಲ ಮುಗಿದು ಆಕಾಶ ತಿಳಿಯಾದಾಗ, ಗಾಳಿ ಒಣಗಿದಾಗ ಈ ತಡೆ ಕಡಿಮೆಯಾಗುತ್ತದೆ. ನೆಲವು ಬೇಗನೆ ತಣಿಯುತ್ತದೆ. ಆದುದರಿಂದಲೇ ಮಧ್ಯಾಹ್ನದ ಸೆಕೆಗೂ ನಸುಕಿನ ಚಳಿಗೂ ಇಷ್ಟು ಅಂತರ. ಸೂರ್ಯೋದಯಕ್ಕೆ ತುಸು ಮೊದಲು ಉಷ್ಣತೆಯು 15–16 ಡಿಗ್ರಿಗೆ ಇಳಿಯಬಹುದು. ನಮ್ಮ ಒಳಮೈಯ ಉಷ್ಣತೆಯಾದರೋ ಸುಮಾರು 37 ಡಿಗ್ರಿ. ಶಾಖವು ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುವುದು ಪ್ರಕೃತಿಯ ನಿಯಮ. ಹೊದಿಕೆಯ ಕೆಲಸವೇನಿದ್ದರೂ ಈ ಹರಿವನ್ನು ನಿಧಾನಗೊಳಿಸುವುದು.

ಕಂಬಳಿಯಲ್ಲಿ ಬಿಸಿಯಿಲ್ಲ

‘ಕಂಬಳಿ ಬಿಸಿ, ಹತ್ತಿ ತಂಪು’ ಎಂದು ನಾವು ಆಡುವುದುಂಟು. ನಿಜವಾಗಿ ಕಂಬಳಿಯಲ್ಲಿ ಶಾಖದ ನಿಧಿಯೇನೂ ಇಲ್ಲ. ಮಂಜುಗಡ್ಡೆಯ ಎರಡು ಸಮನಾದ ತುಂಡುಗಳನ್ನು ತೆಗೆದುಕೊಂಡು ಒಂದನ್ನು ತಟ್ಟೆಯಲ್ಲಿ ಹಾಗೆಯೇ ಇಡಿ. ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಡಿ. ಕಂಬಳಿಯೊಳಗಿನ ತುಂಡೇ ತಡವಾಗಿ ಕರಗುವುದನ್ನು ಕಾಣುವಿರಿ. ಒಳಗಿನ ಬಿಸಿಯನ್ನು ಹೊರಗೆ ಬಿಡದ ವಸ್ತುವೇ ಹೊರಗಿನ ಬಿಸಿಯನ್ನು ಒಳಗೂ ಬಿಡುವುದಿಲ್ಲ.

ಈ ತಡೆ ಉಂಟಾಗುವುದು ಮುಖ್ಯವಾಗಿ ಗಾಳಿಯಿಂದ. ಅಲುಗಾಡದ ಗಾಳಿಯು ಬಹಳ ದುರ್ಬಲವಾದ ಉಷ್ಣವಾಹಕ. ಅದಕ್ಕೆ ಹೋಲಿಸಿದರೆ ನೀರು 20 ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಉಣ್ಣೆಯ ಎಳೆಯೇ ಗಾಳಿಗಿಂತ ಹಲವು ಪಟ್ಟು ಉತ್ತಮ ವಾಹಕ. ಹಾಗಾದರೆ ಎಳೆಯ ಉಪಯೋಗವೇನು? ಬಯಲಿನ ಗಾಳಿ ಒಂದೆಡೆ ನಿಲ್ಲದು. ಬಿಸಿಯಾದೊಡನೆ ಮೇಲೇರಿ ಶಾಖವನ್ನು ಕೊಂಡೊಯ್ಯುತ್ತದೆ. ಎಳೆಗಳು ಆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಸೆರೆಹಿಡಿದು ನಿಲ್ಲಿಸುತ್ತವೆ. ದಪ್ಪನೆಯ ಉಣ್ಣೆ ಹೊದಿಕೆಯ ಗಾತ್ರದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ಗಾಳಿಯೇ ಇರುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಕೌದಿಯ ಮರ್ಮವೂ ಇದೇ: ಪದರಗಳ ನಡುವೆ ಸಿಕ್ಕ ಗಾಳಿಯೂ ನಮ್ಮನ್ನು ಕಾಯುತ್ತದೆ.

ದಖನಿ ಕುರಿಯ ಉಣ್ಣೆ

ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತದ ಗದ್ದೆಗಳು ಹಬ್ಬಿದವು. ಕುಷ್ಟಗಿ, ಯಲಬುರ್ಗಾಗಳಲ್ಲಿ ಹೆಚ್ಚಿನ ನೆಲ ಮಳೆಯನ್ನೇ ನಂಬಿದುದು. ಅಂತಹ ಒಣ ಬಯಲಿಗೆ ಕುರಿ ಸಾಕಣೆ ಒಗ್ಗಿದ ಕಸುಬು. ದಖನಿ ತಳಿಯ ಕುರಿಗಳು ದೂರ ನಡೆಯಬಲ್ಲವು, ಕಡಿಮೆ ಮೇವಿನಲ್ಲಿ ಬಾಳಬಲ್ಲವು. ಕುರುಬರು ರೈತರ ಹೊಲಗಳಲ್ಲಿ ಕುರಿ ತರುಬಿ ಗೊಬ್ಬರ ಕೊಡುತ್ತಾರೆ. ರಾತ್ರಿಯನ್ನು ಅಲ್ಲಿಯೇ ಬಯಲಿನಲ್ಲಿ ಕಳೆಯುತ್ತಾರೆ. ರೂಢಿಯಂತೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿ, ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಕುಣಿ ಮಗ್ಗದ ಮೇಲೆ ಕಂಬಳಿ ನೇಯುವುದು ಈ ಜನರ ಪರಂಪರೆ. ಗಂಜಿಯಿಂದ ನೂಲಿನ ಎದ್ದುನಿಂತ ಕೂದಲುಗಳು ಒಂದಕ್ಕೊಂದು ಅಂಟಿ, ನೇಯುವಾಗ ಎಳೆ ಕಡಿಯುವುದು ಕಡಿಮೆಯಾಗುತ್ತದೆ.

ಈ ಉಣ್ಣೆ ಒರಟು. ಅದರ ಹಲವು ಎಳೆಗಳ ನಡುವೆ ಟೊಳ್ಳು ಉಂಟು, ಅಲ್ಲಿಯೂ ಗಾಳಿಯೇ. ಯಾವ ಉಣ್ಣೆಯಾದರೂ ಇನ್ನೊಂದು ಗುಣವನ್ನು ಪಡೆದಿದೆ. ಅದರ ಮೇಲ್ಮೈ ನೀರಿನ ಹನಿಯನ್ನು ಸುಲಭವಾಗಿ ಒಳಬಿಡದು. ಆದರೆ ಎಳೆಯ ಒಡಲು ನೀರಾವಿಯನ್ನು ಹೀರಬಲ್ಲದು. ತನ್ನ ತೂಕದ ನೂರರಲ್ಲಿ 30ರಷ್ಟು ತೇವವನ್ನು ಹೀರಿದರೂ ಅದು ಮುಟ್ಟಿದ ಕೈಗೆ ಒದ್ದೆಯೆನಿಸುವುದಿಲ್ಲ. ಹೀಗೆ ಹೀರುವಾಗ ಸ್ವಲ್ಪ ಶಾಖವೂ ಹೊರಬೀಳುತ್ತದೆ. ಇಬ್ಬನಿ ಬೀಳುವ ಹೊಲದಲ್ಲಿ ಮಲಗುವವನಿಗೆ ಇದು ಸಣ್ಣ ಲಾಭವಲ್ಲ.

ಒಂದು ಕಡ್ಡಿ, ಒಂದು ಎಳೆ

ನೇಯ್ಗೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳು ಅಡ್ಡಡ್ಡ ಹಾಯುತ್ತವೆ. ಕ್ರೋಷಾದಲ್ಲಿ ಇರುವುದು ತುದಿಗೆ ಕೊಕ್ಕೆಯುಳ್ಳ ಒಂದೇ ಕಡ್ಡಿ, ಸಾಮಾನ್ಯವಾಗಿ ಒಂದೇ ಎಳೆ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದು, ಅದರೊಳಗಿಂದ ಮತ್ತೊಂದನ್ನು ಎಳೆದು ಸರಪಣಿಯನ್ನು ಬೆಳೆಸುತ್ತಾರೆ; ಮುಂದಿನ ಸಾಲು ಹಿಂದಿನ ಸಾಲಿನ ಕುಣಿಕೆಗಳಿಗೆ ಸಿಕ್ಕಿಕೊಂಡು ಏಳುತ್ತದೆ. ಆ ಹೆಸರು ಸಣ್ಣ ಕೊಕ್ಕೆ ಎಂಬರ್ಥದ ಫ್ರೆಂಚ್ ಪದ. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಈ ಕೈಗೆಲಸ ನೆರೆಯ ಆಂಧ್ರದ ನರಸಾಪುರದಲ್ಲಿ ಬೇರೂರಿ, ಅಲ್ಲಿನ ಹೆಂಗಸರಿಗೆ ಜೀವನೋಪಾಯವಾಯಿತು.

ಕುಣಿಕೆಗಳ ಮೇಲೆ ಕುಣಿಕೆ ಬಿದ್ದು ಬಟ್ಟೆ ದಪ್ಪಗಾಗುವುದರಿಂದ ಕ್ರೋಷಾ ಹೆಚ್ಚು ಗಾಳಿಯನ್ನು ಹಿಡಿಯಬಲ್ಲದು. ಆದರೆ ಅಂದಕ್ಕಾಗಿ ಬಿಡುವ ಕಿಂಡಿಗಳೇ ಅದರ ದೌರ್ಬಲ್ಯ. ಬೀಸುಗಾಳಿ ಅವುಗಳೊಳಗೆ ನುಗ್ಗಿ, ಸೆರೆಯಲ್ಲಿದ್ದ ಬೆಚ್ಚನೆಯ ಗಾಳಿಯನ್ನು ಹೊರದೂಡುತ್ತದೆ. ಆದುದರಿಂದ ಮನೆಯೊಳಗೆ ಬೆಚ್ಚಗಿದ್ದ ಜಾಲರಿ ಶಾಲು ಮೋಟಾರ್ ಸೈಕಲ್ಲಿನ ಮೇಲೆ ನಿರುಪಯೋಗಿ ಎನಿಸಬಹುದು. ಒತ್ತಾಗಿ ನೇಯ್ದ ತೆಳು ಬಟ್ಟೆಯೊಂದನ್ನು ಅದರ ಮೇಲೆ ಹೊದೆದರೆ ದೋಷ ನೀಗುತ್ತದೆ: ಒಳಗಿನದು ಗಾಳಿಯನ್ನು ಹಿಡಿಯುತ್ತದೆ, ಹೊರಗಿನದು ಬಿರುಗಾಳಿಯನ್ನು ತಡೆಯುತ್ತದೆ.

ಟೋಪಿಯ ರೇಖಾಗಣಿತ

ಕುಣಿಕೆಗಳನ್ನು ಸುತ್ತು ಸುತ್ತಾಗಿ ಹೆಣೆಯುವಾಗ ಚಪ್ಪಟೆಯಾದ ಬಿಲ್ಲೆ ಬೇಕಾದರೆ ಪ್ರತಿ ಸುತ್ತಿಗೂ ಎಷ್ಟು ಕುಣಿಕೆ ಹೆಚ್ಚಿಸಬೇಕು? ವೃತ್ತದ ಪರಿಧಿಯು ತ್ರಿಜ್ಯದ ಸುಮಾರು 6.28 ಪಟ್ಟು. ಒಂದು ಸುತ್ತು ಸೇರಿದಾಗ ತ್ರಿಜ್ಯವು ಒಂದು ಕುಣಿಕೆಯ ಎತ್ತರದಷ್ಟು ಬೆಳೆಯುತ್ತದೆ. ಕುಣಿಕೆಯ ಎತ್ತರ, ಅಗಲಗಳು ಸಮವಾಗಿದ್ದರೆ ಪರಿಧಿಯು ಆರು ಕುಣಿಕೆಗಳಿಗಿಂತ ತುಸು ಹೆಚ್ಚಾಗಿ ಬೆಳೆಯಬೇಕು. ನೂಲು ಹಿಗ್ಗುವುದರಿಂದ 6 ಸಾಕು. ಎತ್ತರವು ಅಗಲದ ಎರಡರಷ್ಟಿದ್ದರೆ 12 ಬೇಕು.

ಹೆಚ್ಚಿಸುವುದನ್ನು ನಿಲ್ಲಿಸಿದರೆ ಬಿಲ್ಲೆಯ ಅಂಚು ಕೆಳಗೆ ಬಾಗಿ ಬಟ್ಟಲಾಗುತ್ತದೆ, ಅದೇ ಟೋಪಿ. ಆರಕ್ಕಿಂತ ಬಹಳ ಹೆಚ್ಚಿಸಿದರೆ ಅಂಚಿಗೆ ಇರಲು ಎಡೆ ಸಾಲದೆ ನಿರಿಗೆ ನಿರಿಗೆಯಾಗಿ ಏಳುತ್ತದೆ. ಅದೇ ಅಲಂಕಾರದ ಝಾಲರು. ಈ ನಿರಿಗೆಯನ್ನು ಗಣಿತಜ್ಞರು ಹಗುರಾಗಿ ಎಣಿಸಲಿಲ್ಲ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನ ಇದೇ ಉಪಾಯದಿಂದ, ಯೂಕ್ಲಿಡನ ಸಮಾಂತರ ರೇಖೆಗಳ ನಿಯಮ ಸಲ್ಲದ ಮೇಲ್ಮೈಯೊಂದನ್ನು ಹೆಣೆದು, ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು.

ನೂಲಿನ ಆಯ್ಕೆ

ಅಂಗಡಿಯಲ್ಲಿ ‘ಉಲ್ಲನ್’ ಎಂದು ಮಾರುವ ಬಣ್ಣದ ನೂಲು ಬಹುಮಟ್ಟಿಗೆ ಅಕ್ರಿಲಿಕ್. ಅದು ಕುರಿಯ ಮೈಯಿಂದ ಬಂದುದಲ್ಲ, ಪೆಟ್ರೋಲಿಯಂನಿಂದ ಪಡೆದ ರಾಸಾಯನಿಕಗಳಿಂದ ಆದುದು. ಗಾಳಿಯನ್ನು ಹಿಡಿಯುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ. ಹಗುರ, ಅಗ್ಗ, ಒಗೆಯಲು ಸುಲಭ. ಆದರೆ ತೇವವನ್ನು ಹೀರುವ ಗುಣ ಅದರಲ್ಲಿ ಅತ್ಯಲ್ಪ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ ಕೂರುವವರು ಇದನ್ನು ನೆನಪಿಡಬೇಕು. ಹಿರಿಯರ ಸಮ್ಮುಖದಲ್ಲಿ ಒಂದಂಗುಲ ನೂಲನ್ನು ಇಕ್ಕಳದಿಂದ ಹಿಡಿದು ಸುಟ್ಟರೆ ಭೇದ ತಿಳಿಯುತ್ತದೆ: ಉಣ್ಣೆ ಕೂದಲು ಸುಟ್ಟಂತೆ ನಾರಿ, ಬೆರಳಿಗೆ ಪುಡಿಯಾಗುವ ಕರಿ ಉಳಿಸುತ್ತದೆ, ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ದಖನಿ ಉಣ್ಣೆ ಮೈಗೆ ಚುಚ್ಚುತ್ತದೆ ಎಂಬ ದೂರು ನಿಜವಾದುದೇ. ಸುಮಾರು 30 ಮೈಕ್ರಾನ್‌ಗಿಂತ ದಪ್ಪನಾದ ಎಳೆಯ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ನವಿರಾದ ಮೆರಿನೊ ಉಣ್ಣೆಯ ಎಳೆ 20 ಮೈಕ್ರಾನ್ ಆಸುಪಾಸಿನದು. ಈ ಕಾರಣದಿಂದಲೂ, ಗಿರಣಿಯ ಅಗ್ಗದ ಹೊದಿಕೆಗಳಿಂದಲೂ ದಖನಿ ಉಣ್ಣೆಗೆ ಬೆಲೆ ಕುಸಿಯಿತು. ಕತ್ತರಿಸುವ ಕೂಲಿಯೂ ಹುಟ್ಟದಾದಾಗ ಕುರಿಗಾರರು ಉಣ್ಣೆಯನ್ನು ಬಿಸಾಡುವ, ಮಾಂಸಕ್ಕಾಗಿಯೇ ಬೇರೆ ತಳಿಗಳನ್ನು ಸಾಕುವ ಸ್ಥಿತಿ ಬಂದಿತು. ಆದರೆ ಚುಚ್ಚುವ ಎಳೆಗೆ ಒಳಂಗಿಯಾಗುವುದು ಒಲ್ಲದಿದ್ದರೂ ಹೊರಹೊದಿಕೆಯಾಗುವುದು ಒಪ್ಪುತ್ತದೆ. ಕೂಸಿನ ಕುಂಚಿಗೆಗೆ ಮೆತ್ತನೆಯ ಹತ್ತಿಯ ಒಳಪದರ, ಶಾಲಿಗೆ ಕ್ರೋಷಾ, ಅದರ ಮೇಲೆ ಕಂಬಳಿ: ಒಂದೊಂದು ಎಳೆಗೂ ತಕ್ಕ ಜಾಗ ಉಂಟು.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿನೀರು ತುಂಬಿ ತಟ್ಟೆ ಮುಚ್ಚಿ. ಒಂದನ್ನು ಬರಿದೇ ಇಡಿ. ಎರಡನೆಯದಕ್ಕೆ ಕ್ರೋಷಾ ಬಟ್ಟೆ ಸುತ್ತಿ. ಮೂರನೆಯದಕ್ಕೆ ಅದೇ ಬಗೆಯ ಕ್ರೋಷಾ ಸುತ್ತಿ, ಮೇಲೆ ತೆಳು ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಅರ್ಧ ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಅಳೆದು ಬರೆದಿಡಿ. ಅನಂತರ ಇಡೀ ಪ್ರಯೋಗವನ್ನು ಫ್ಯಾನಿನ ಗಾಳಿಯಲ್ಲಿ ಮತ್ತೆ ಮಾಡಿ. ಎರಡನೆಯ ಮತ್ತು ಮೂರನೆಯ ಲೋಟಗಳ ನಡುವಿನ ಅಂತರ ಈ ಸಲ ಎಷ್ಟು ಹಿಗ್ಗಿತೆಂಬುದನ್ನು ನೋಡಿ. ಸಾಧ್ಯವಾದರೆ ನಾಲ್ಕನೆಯ ಲೋಟಕ್ಕೆ ಹಳೆಯ ಕಂಬಳಿಯ ತುಂಡೊಂದನ್ನು ಸುತ್ತಿ ಅದರ ಲೆಕ್ಕವನ್ನೂ ಸೇರಿಸಿ. ಬಿಸಾಡುವ ಉಣ್ಣೆಗೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಆ ಅಂಕಿಗಳನ್ನು ಮುಂದಿಟ್ಟುಕೊಂಡು ನೀವೇ ತೀರ್ಮಾನಿಸಬಹುದು.